ಚೆಲ್ಲಿದ ರಕ್ತದ ಸರ್ಟಿಫಿಕೇಟು

ನಾನು ಜೀವನದಲ್ಲಿ ಒಂದೇ ಒಂದು ಸಲ ರಕ್ತ ಕೊಟ್ಟಿದ್ದೇನೆ. ಅದನ್ನೂ ಚೆಲ್ಲಿದರು. ಆದರೆ ಅದಕ್ಕೆ ಕೊಟ್ಟ ಸರ್ಟಿಫಿಕೇಟು ಮಾತ್ರ ಬಸವಕಲ್ಯಾಣದ ನನ್ನ ಪಾತ್ರೆ ಅಂಗಡಿಯಲ್ಲಿ, ಗಲ್ಲಾದ ಹಿಂದಿನ ಗೋಡೆಯ ಮೇಲೆ, ಗಾಜು ಹಾಕಿಸಿಕೊಂಡು ಎರಡು ವರ್ಷ ಮೆರೆಯಿತು.

ಶ್ರಾವಣದ ಪ್ರವಚನ ಮುಗಿಯುವ ದಿನ ನಮ್ಮ ಓಣಿಯ ಮಂಟಪದಲ್ಲಿ ರಕ್ತದಾನ ಶಿಬಿರ ಇಟ್ಟಿದ್ದರು. ಸೂಜಿ ಎಂದರೆ ನನಗೆ ಮೊದಲಿಂದಲೂ ಹೆದರಿಕೆ. ಆದರೂ ಹೋದೆ. ತಿಂಗಳಿಡೀ ಪ್ರವಚನದ ಕೊನೆಯ ಸಾಲಿನಲ್ಲಿ ಕೂತು ತೂಕಡಿಸಿದವನಿಗೆ ನಾಲ್ಕು ಜನ ನೋಡುವಂಥ ಪುಣ್ಯದ ಕೆಲಸ ಒಂದಾದರೂ ಬೇಕಾಗಿತ್ತು. ತೂಕ ನೋಡಿದರು, ಬಿ.ಪಿ. ನೋಡಿದರು, ಬೆರಳು ಚುಚ್ಚಿ ನೋಡಿದರು. 'ಫಸ್ಟ್ ಕ್ಲಾಸ್ ಅದೀರಿ' ಎಂದರು. ನಲವತ್ತೈದು ವರ್ಷದಲ್ಲಿ ನನಗೆ ಯಾರೂ ಯಾವುದರಲ್ಲೂ ಫಸ್ಟ್ ಕ್ಲಾಸ್ ಕೊಟ್ಟಿರಲಿಲ್ಲ. ನನ್ನದು ಓ ನೆಗೆಟಿವ್ ಎಂದು ಗೊತ್ತಾದಾಗಂತೂ ಅಲ್ಲಿದ್ದ ಹುಡುಗಿ 'ಇದು ಭಾಳ ಅಪರೂಪದ್ದು ಕಾಕಾ' ಎಂದಳು. ಆ ಮಾತನ್ನು ಆಮೇಲೆ ಅಂಗಡಿಗೆ ಬಂದ ಗಿರಾಕಿಗೆಲ್ಲ ಹೇಳಿದೆ. ಕುಕ್ಕರ್ ತೋರಿಸುವಾಗಲೂ ಹೇಳಿದೆ, ಕೊಡ ತೋರಿಸುವಾಗಲೂ ಹೇಳಿದೆ.

ಮೂರು ವಾರಕ್ಕೆ ಫೋನ್ ಬಂತು. ಹುಮನಾಬಾದಿನ ದವಾಖಾನೆಗೆ ಒಮ್ಮೆ ಬಂದು ಹೋಗಿ, ಒಬ್ಬರೇ ಬಂದರೆ ಒಳ್ಳೆಯದು ಎಂದರು. ಅಪರೂಪದ ರಕ್ತ, ಇನ್ನೊಂದು ಬಾಟಲಿ ಬೇಕಾಗಿರಬೇಕು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದೆ.

ಸಣ್ಣ ಕೋಣೆ. ಎದುರಿಗೆ ಸಮಾಲೋಚಕಿ, ನನಗಿಂತ ಬಹಳ ಚಿಕ್ಕವಳು. ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ಕಾಕಾ, ನಿಮ್ಮ ರಕ್ತದಾಗ ಹೆಪಟೈಟಿಸ್ ಬಿ ಸಿಕ್ಕದ್ರಿ. ಕಾಮಣಿ, ಅಂದ್ರ ಜಾಂಡೀಸ್ ತರೋ ವೈರಸ್ಸು. ಸುಮ್ಮನ ಲಿವರಿನಾಗ ಕೂತಿರ್ತದ."

"ನನಗ ಕಾಮಣಿ ಆಗೇ ಇಲ್ಲಲ್ಲ?"

"ಎಷ್ಟೋ ಮಂದಿಗಿ ಗೊತ್ತೇ ಆಗಂಗಿಲ್ರಿ. ನಿಮ್ಮದು ಈಗ ಶಾಂತ ಅದ. ಆರು ತಿಂಗಳಿಗೊಮ್ಮೆ ತೋರಿಸ್ಕೋತ ಇರ್ರಿ. ಆದ್ರ ಇನ್ನ ಮುಂದ ನೀವು ರಕ್ತ ಕೊಡಂಗಿಲ್ಲ."

"ನಾ ಕೊಟ್ಟ ಬಾಟ್ಲಿ ಏನ್ ಮಾಡಿದ್ರಿ?"

"ನಾಶ ಮಾಡೇವ್ರಿ."

ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. "ನೋಡವ್ವಾ, ನಾ ಕುಡಿಯಂಗಿಲ್ಲ, ಮಾಂಸ ಮುಟ್ಟಂಗಿಲ್ಲ. ದಿನಾ ಲಿಂಗಪೂಜಿ ಆಗೂತನಕ ಬಾಯಾಗ ಹನಿ ನೀರು ಹಾಕಂಗಿಲ್ಲ. ನಿಮ್ಮ ಮಿಷನ್ನೇ ಕೆಟ್ಟಿರಬೇಕು" ಎಂದೆ.

"ಎರಡು ಸಲ ನೋಡೇವ್ರಿ ಕಾಕಾ. ಅದು ಪೂಜಾ-ಗೀಜಾ ನೋಡಿ ಬರಂಗಿಲ್ಲ" ಎಂದಳು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ ಹೇಳಿದಳು. ತಾಟು, ಲೋಟದಿಂದ ಬರುವುದಿಲ್ಲ. ಜೊತೆಗೆ ಕೂತು ಉಂಡರೆ ಬರುವುದಿಲ್ಲ. ರಕ್ತದಿಂದ ಬರುತ್ತದೆ, ಗಂಡ ಹೆಂಡತಿ ಕೂಡುವುದರಿಂದ ಬರುತ್ತದೆ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. "ಕಾಕೀನ್ನ, ಮಗಳನ್ನ ಕರ್ಕೊಂಡ್ ಬರ್ರಿ. ಟೆಸ್ಟ್ ಮಾಡೋಣು. ಇಲ್ಲಂತ ಬಂದ್ರ ಮೂರು ಲಸಿಕಿ, ಮುಗದೇ ಹೋಯ್ತು."

ಹೂಂ ಎಂದೆ. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹೂಂ ಎಂದೆ.

ಹೊರಗೆ ಬಂದಾಗ ಕಾರ್ಖಾನೆಗಳ ಕಡೆಯಿಂದ ಕೆಮಿಕಲ್ಲಿನ ಕಮಟು ವಾಸನೆ ಬೀಸುತ್ತಿತ್ತು. ಅಲ್ಲೇ ನಿಂತು ಯೋಚನೆ ಮಾಡಿದೆ. ಹೆಂಡತಿಗೆ ಹೇಳಿದರೆ ಅವಳ ತವರಿಗೆ ಗೊತ್ತಾಗುತ್ತದೆ, ತವರಿಗೆ ಗೊತ್ತಾದರೆ ಬಜಾರಿಗೆ ಗೊತ್ತಾಗುತ್ತದೆ. ಬಜಾರಿನವರು ಲಿವರಿನ ಬಗ್ಗೆ ಕೇಳುವುದಿಲ್ಲ, ಹೈವೇ ಲಾಡ್ಜಿನ ಬಗ್ಗೆ ಕೇಳುತ್ತಾರೆ. ನಾನು ಅಂಥ ಕಡೆ ಹೋದವನಲ್ಲ. ಹೋಗದವನಿಗೆ ಹೋದವನ ಹೆಸರು ಬಂದರೆ ಏನು ಮಾಡುವುದು ಎಂಬುದೊಂದೇ ತಲೆಯಲ್ಲಿ ಸುತ್ತಿತು. ಹೆಂಡತಿಯ ರಕ್ತದಲ್ಲಿ ಏನಿದೆಯೋ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಬರಲೇ ಇಲ್ಲ. ಬಂದಿತ್ತು ಎಂದು ಬರೆಯಬಹುದಿತ್ತು, ಆದರೆ ಬಂದಿರಲಿಲ್ಲ.

ಮನೆಗೆ ಬಂದವನು ಮಾಡಿದ ಕೆಲಸ ಇದು. ನಮ್ಮಜ್ಜಿ ಶೀಲ ಹಿಡಿದವರಾಗಿದ್ದರು. ಹಾಗೆಂದರೆ ತಮ್ಮ ನೀರಿನ ಕೊಡ, ತಾಟು, ಲೋಟ ಎಲ್ಲ ಬೇರೆ. ಅವಕ್ಕೆ ಬಿಳಿ ಅರಿವೆ ಮುಚ್ಚಿರುತ್ತಿದ್ದರು, ಮೊಮ್ಮಕ್ಕಳೂ ಮುಟ್ಟುವ ಹಾಗಿರಲಿಲ್ಲ. ಅಜ್ಜಿಯೊಂದಿಗೆ ಆ ಪದ್ಧತಿಯೂ ನಮ್ಮ ಮನೆಯಿಂದ ಹೋಗಿತ್ತು. ಅದನ್ನು ನಾನು ಮತ್ತೆ ಎಬ್ಬಿಸಿದೆ. ಅಂಗಡಿಯಿಂದ ಹೊಸ ತಾಟು, ಲೋಟ, ತಂಬಿಗೆ ತಂದೆ. ಮದುವೆ ಉಡುಗೊರೆಗಳ ಮೇಲೆ ಹೆಸರು ಹಾಕುವ ಮಿಷನ್ನಿನಿಂದ ನಾನೇ ಅವುಗಳ ತಳದಲ್ಲಿ ಗುರುತು ಕೊರೆದೆ. "ಗುರುಗಳ ಮುಂದ ಶೀಲ ಹಿಡದೀನಿ. ಇವನ್ನ ಯಾರೂ ಮುಟ್ಟಬ್ಯಾಡ್ರಿ" ಎಂದೆ.

ಹೆಂಡತಿ ಒಂದು ಮಾತೂ ಕೇಳಲಿಲ್ಲ. ಸಂತೋಷಪಟ್ಟಳು. ತೂಕಡಿಸುವ ಗಂಡ ಕಡೆಗೂ ದಾರಿಗೆ ಬಂದ ಎಂದುಕೊಂಡಿರಬೇಕು. ನನ್ನ ಪಾತ್ರೆಗಳನ್ನು ಎಲ್ಲಕ್ಕಿಂತ ಮೊದಲು ತೊಳೆದು, ಅರಿವೆ ಮುಚ್ಚಿ ಎತ್ತರದ ಮಾಡದಲ್ಲಿ ಇಡುತ್ತಿದ್ದಳು. ಲೋಟದಿಂದ ಬರುವುದಿಲ್ಲ ಎಂದು ದವಾಖಾನೆಯ ಸಮಾಲೋಚಕಿ ಬಿಡಿಸಿ ಹೇಳಿದ್ದಳು. ಆದರೆ ಮೈಲಿಗೆ ಎಂದರೆ ನನಗೆ ಗೊತ್ತಿದ್ದದ್ದು ತಾಟು ಲೋಟ ಮಾತ್ರ. ಹಾಸಿಗೆಯನ್ನೂ ಪಡಸಾಲೆಗೆ ತಂದೆ. ಎರಡು ತಿಂಗಳಾದ ಮೇಲೆ ವಾಪಸ್ಸು ಒಳಗೆ ಹೋದೆ. ಲೋಟ ಮಾತ್ರ ಬೇರೆಯೇ ಉಳಿಯಿತು. ಇದಕ್ಕಿಂತ ಹೆಚ್ಚು ನನ್ನನ್ನು ಬೇರೆಯವರು ಬೈಯಬೇಕಾಗಿಲ್ಲ.

ಮುಂದಿನ ಬೇಸಿಗೆಯಲ್ಲಿ ಮೋರಖಂಡಿಯ ಒಬ್ಬ ಹಳೆಯ ಗಿರಾಕಿ ಅಂಗಡಿಗೆ ಓಡಿ ಬಂದ. ಕೂಲಿ ಮಾಡುವವನು, ಮಗನ ಮದುವೆಗೆ ಪಾತ್ರೆಯೆಲ್ಲ ನನ್ನಲ್ಲೇ ಒಯ್ದಿದ್ದ. ಮೆಟ್ಟಿಲ ಕೆಳಗೇ ನಿಂತು ಉಸಿರು ಬಿಡುತ್ತ ಹೇಳಿದ.

"ಸಾವಕಾರ್ರ, ನಮ್ಮ ಸೊಸಿ ಹುಮನಾಬಾದ ದವಾಖಾನ್ಯಾಗ ಅದಾಳ್ರಿ. ಹೆರಿಗಿ ಆಗ್ಯದ, ರಕ್ತ ಭಾಳ ಹೋಗ್ಯದ. ಓ ನೆಗೆಟಿವ್ ಬೇಕಂತ ಹೇಳಾಕತ್ತಾರ. ನಿಮ್ಮದು ಅದೇ ಅದ ಅಂತ ನೀವೇ ಹೇಳಿದ್ರಿ."

ಹೌದು, ನಾನೇ ಹೇಳಿದ್ದೆ. ನನ್ನ ತಲೆಯ ಮೇಲೆ ಸರ್ಟಿಫಿಕೇಟು ಹೊಳೆಯುತ್ತಿತ್ತು.

"ನಾ ಈಗ ಶೀಲ ಹಿಡದೀನಿ. ಸೂಜಿ ಮುಟ್ಟಿಸಿಕೊಳ್ಳಂಗಿಲ್ಲ" ಎಂದೆ.

ಅವನು ಸರ್ಟಿಫಿಕೇಟಿನ ಕಡೆ ನೋಡಿದ. "ಜೀವ ಉಳಿಸಿದ್ರ ಶೀಲ ಕೆಡ್ತದೇನ್ರಿ, ಸಾವಕಾರ್ರ?" ಎಂದು ಕೇಳಿದ. ದನಿ ಏರಿಸಲಿಲ್ಲ. ನಾನು ಸ್ಟೀಲಿನ ಡಬ್ಬಿಗಳನ್ನು ಒರೆಸುತ್ತ ನಿಂತೆ. ಅವನು ಹೋದ ಮೇಲೆ ನನಗೆ ಸಿಟ್ಟು ಬಂದದ್ದು ಅವನ ಮೇಲೆಯೇ. ಅವನಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂದು ಗೊಣಗಿದೆ. ಕಲಬುರಗಿಯಿಂದ ರಕ್ತ ತಂದರಂತೆ, ಸೊಸೆ ಉಳಿದಳಂತೆ. ಆಮೇಲೆ ಅವನು ಎದುರು ಅಂಗಡಿಗೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಇಷ್ಟಾದರೂ ಇನ್ನೂ ಒಂದು ವರ್ಷ ನಾನು ಬಾಯಿ ಬಿಡಲಿಲ್ಲ. ಬಿಡಿಸಿದವಳು ಮಗಳು.

ಅವಳು ಹುಮನಾಬಾದಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹದಿನೆಂಟು ತುಂಬಿ ಎರಡು ವಾರ ಆಗಿತ್ತು. ಒಂದು ಸಂಜೆ ಅಂಗಡಿಗೆ ಬಂದು ಹಿತ್ತಾಳೆ ತೂಗುವ ದೊಡ್ಡ ಕಾಟಾದ ಮೇಲೆ ಹತ್ತಿ ನಿಂತು, "ನಲವತ್ತೇಳು. ನಡೀತದ" ಎಂದಳು. ಏನು ನಡೆಯುತ್ತದೆ ಎಂದೆ. "ನಾಳಿ ಕಾಲೇಜಿನಾಗ ಶಿಬಿರ ಅದ ಅಪ್ಪಾ. ನಾನೂ ರಕ್ತ ಕೊಡಾಕತ್ತೇನಿ, ನಿನ್ನಂಗ." ಮರುದಿನ ಬೆಳಿಗ್ಗೆ ಅವಳ ತಾಯಿ ಎರಡು ರೊಟ್ಟಿ ಜಾಸ್ತಿ ತಿನ್ನಿಸಿ, "ಅಪ್ಪನ ಮಗಳೇ ನೀನು" ಎಂದು ಬಾಗಿಲವರೆಗೂ ಬಂದು ಕಳಿಸಿದಳು. ನಾನು ಪೂಜೆಗೆ ಕೂತವನಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಅಂಗಡಿ ತೆರೆದೆ, ಕೂಡಲಾಗಲಿಲ್ಲ. ಅವಳ ರಕ್ತವನ್ನು ಅವರು ಪರೀಕ್ಷೆ ಮಾಡುತ್ತಾರೆ, ಯಾರಿಗೂ ಕೇಡಾಗುವುದಿಲ್ಲ ಎಂದು ಗೊತ್ತಿತ್ತು. ಆದರೆ ಮೂರು ವಾರದ ಮೇಲೆ ಅವಳಿಗೊಂದು ಫೋನ್ ಬರಬಹುದು. ಒಬ್ಬಳೇ ಬಾ ಎನ್ನಬಹುದು. ಆ ಸಣ್ಣ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ನನ್ನ ಮಗಳು ಒಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿತು. ಶಟರ್ ಎಳೆದು ಗಾಡಿ ಹತ್ತಿದೆ.

ಕಾಲೇಜಿನ ಹಾಲಿನಲ್ಲಿ ಅವಳು ತೊಡೆಯ ಮೇಲೆ ಫಾರ್ಮ್ ಇಟ್ಟುಕೊಂಡು ಗೆಳತಿಯರ ಜೊತೆ ಸರದಿಯಲ್ಲಿ ಕೂತಿದ್ದಳು. ನನ್ನನ್ನು ಕಂಡು ನಾನೂ ಕೊಡಲು ಬಂದೆ ಎಂದುಕೊಂಡು ನಕ್ಕಳು. ಹೊರಗೆ ಗಿಡದ ಕೆಳಗೆ ಕರೆದುಕೊಂಡು ಹೋದೆ. ಫಾರ್ಮ್ ನೋಡಿದೆ. ಮನೆಯಲ್ಲಿ ಯಾರಿಗಾದರೂ ಹೆಪಟೈಟಿಸ್ ಇದೆಯೇ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದಿದ್ದಳು.

"ಇದು ತಪ್ಪದ" ಎಂದೆ. "ನನಗದ."

ಎಲ್ಲ ಹೇಳಿದೆ. ಅವಳು ವಿಜ್ಞಾನ ಓದುವ ಹುಡುಗಿ, ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

"ತಾಟು, ಲೋಟದಿಂದ ಇದು ಬರಂಗಿಲ್ಲ ಅಪ್ಪಾ."

"ಗೊತ್ತದ."

"ಗೊತ್ತಿದ್ದೂ ಅವನ್ನಷ್ಟೇ ಬ್ಯಾರೆ ಇಟ್ಟಿ? ಅವ್ವಗ ಟೆಸ್ಟ್ ಮಾಡಿಸಿದಿಯೇನು?"

"ಇಲ್ಲ."

ಅವಳು ನನ್ನ ಕೈಯಿಂದ ಫಾರ್ಮ್ ತೆಗೆದುಕೊಂಡು ಒಳಗೆ ಹೋದಳು. 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಹೌದು' ಎಂದು ಬರೆದು ಡಾಕ್ಟರಿಗೆ ತೋರಿಸಿದಳು. ಅವರು ಮೆಲ್ಲಗೆ ಏನೋ ಹೇಳಿ, ತಲೆಯಾಡಿಸಿ, ಫಾರ್ಮ್ ಬದಿಗಿಟ್ಟರು. ಗೆಳತಿಯರು ಯಾಕ, ಏನಾಯ್ತು ಎಂದು ಮುತ್ತಿದರು. "ರಕ್ತ ಕಮ್ಮಿ ಅದಂತ" ಎಂದು ನಕ್ಕುಬಿಟ್ಟಳು. ನನಗಾಗಿ ಅವಳು ಹೇಳಿದ ಮೊದಲ ಸುಳ್ಳು ಅದು. ಬಹಳ ಸಲೀಸಾಗಿ ಬಂತು.

ಗಾಡಿಯ ಹಿಂದೆ ಕೂತು ಬಸವಕಲ್ಯಾಣ ಬರುವವರೆಗೂ ಅವಳು ಆಡಿದ್ದು ಒಂದೇ ಮಾತು. "ಇವತ್ತೇ ಹೇಳಬೇಕು. ನೀ ಹೇಳ್ಲಿಲ್ಲಂದ್ರ ನಾ ಹೇಳ್ತೀನಿ."

ಹೆಂಡತಿ ತೊಗರಿಬೇಳೆ ಆರಿಸುತ್ತ ಕೂತಿದ್ದಳು. ಎದುರಿಗೆ ನೆಲದ ಮೇಲೆ ಕೂತು ಹೇಳಿದೆ. ನಾನು ಎಲ್ಲಿಗೂ ಹೋದವನಲ್ಲ ಎಂಬುದನ್ನೇ ಮೂರು ಸಲ ಹೇಳಿದೆನಂತೆ, ಮಗಳು ಆಮೇಲೆ ಹೇಳಿದಳು. ಹೆಂಡತಿ ಅದನ್ನು ಕೇಳಿರಲೇ ಇಲ್ಲ.

"ಎಷ್ಟು ದಿನ ಆಯ್ತುರಿ ಗೊತ್ತಾಗಿ?" ಎಂದು ಕೇಳಿದಳು.

"ಎರಡು ವರ್ಷ."

ಮೊರದಲ್ಲಿದ್ದ ಕೈ ನಿಂತಿತು. "ನಮ್ಮವ್ವ ಬಂದಾಗ ತಿಳೀದ ನಿಮ್ಮ ಲೋಟದಾಗ ನೀರು ಕುಡದಿದ್ಳು. ನಿಮ್ಮ ಶೀಲ ಕೆಡ್ತು ಅಂತ ಅಕಿಗಿ ಎಷ್ಟು ಬೈದೀನ್ರಿ ನಾ. ಆ ಮುದುಕಿ ಅತ್ತು ಹೋದಳು." ಅಷ್ಟೇ ಹೇಳಿದಳು. ಮತ್ತೆ ಬೇಳೆ ಆರಿಸತೊಡಗಿದಳು. ಅವಳು ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಗೆಲ್ಲುತ್ತಿದ್ದೆ. ಮದುವೆಯಾದಾಗಿನಿಂದ ನನ್ನ ರೀತಿಯೇ ಅದು.

ಮರುದಿನ ನಾನು ಅಂಗಡಿಯ ಸರ್ಟಿಫಿಕೇಟು ಇಳಿಸಿಟ್ಟ ಮೇಲೆ ಮೂವರೂ ಹುಮನಾಬಾದಿಗೆ ಹೋದೆವು. ಇಬ್ಬರ ತೋಳಿನಿಂದಲೂ ರಕ್ತ ತೆಗೆದರು. ಮಗಳ ರಿಪೋರ್ಟು ಚೆನ್ನಾಗಿ ಬಂತು, ಅವಳಿಗೆ ಅಲ್ಲೇ ಮೊದಲ ಲಸಿಕೆ ಹಾಕಿದರು. ಹೆಂಡತಿಯದಕ್ಕೆ ಇನ್ನೂ ಒಂದಿಷ್ಟು ಪರೀಕ್ಷೆ ಬೇಕೆಂದರು. ವಾರದ ಮೇಲೆ ನಾವಿಬ್ಬರೇ ಡಾಕ್ಟರ ಮುಂದೆ ಕೂತೆವು. ಅವರು ಕಾಗದಗಳನ್ನು ತಿರುವಿ ನೋಡಿ, ಅವಳಿಗೂ ಇದೆ ಎಂದರು. ನನ್ನದು ಸುಮ್ಮನಿದೆ, ಅವಳದು ಲಿವರನ್ನು ಹಿಡಿದುಕೊಂಡಿದೆ ಎಂದರು. ಗುಳಿಗೆ ಶುರು ಮಾಡಬೇಕು, ಬಹುಶಃ ಬಹಳ ವರ್ಷ ತೆಗೆದುಕೊಳ್ಳಬೇಕು. "ಎರಡು ವರ್ಷದ ಹಿಂದ ಬಂದಿದ್ರ ಇಷ್ಟು ಆಗ್ತಿರಲಿಲ್ಲ ನೋಡ್ರಿ" ಎಂದು ನನ್ನ ಕಡೆ ತಿರುಗಿದರು.

ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು. "ಡಾಕ್ಟರ, ಇದು ನನ್ನಿಂದ ಇವರಿಗಿ ಹತ್ತಿರಬಹುದೇನ್ರಿ? ಮಗಳು ಹುಟ್ಟಿದಾಗ ನನಗ ರಕ್ತ ಏರ್ಸಿದ್ರು."

"ಯಾರಿಂದ ಯಾರಿಗಿ ಅಂತ ಈಗ ಹೇಳಾಕ ಬರಂಗಿಲ್ರಿ. ಆಗಿರಲೂಬಹುದು" ಎಂದರು ಡಾಕ್ಟರು.

ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು. "ನನ್ನಿಂದ ಆಗಿದ್ರ ತಪ್ಪಾಯ್ತುರಿ" ಎಂದಳು.

ಇಲ್ಲ, ನಿನ್ನ ತಪ್ಪಲ್ಲ ಎಂದು ಅಲ್ಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆ ಹಗುರಾಗಿತ್ತು. ಬಜಾರಿನಲ್ಲಿ ಯಾರಾದರೂ ಕೇಳಿದರೆ ಹೇಳಲು ಒಂದು ಉತ್ತರ ಸಿಕ್ಕಿತು ಎನಿಸಿತ್ತು. ಅವಳು ಈಗ ದಿನಾ ಊಟವಾದ ಮೇಲೆ ಗುಳಿಗೆ ನುಂಗುತ್ತಾಳೆ, ನಾನು ಎದುರಿಗೆ ಕೂತು ನೀರು ಕೊಡುತ್ತೇನೆ. ಆವತ್ತು ನನಗೆ ಸಮಾಧಾನವಾಗಿತ್ತು ಎಂಬುದನ್ನು ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ.