ಕೆರೆಯಂಗಳದ ಕ್ಲಬ್ಬಿನ ಚರಿತ್ರೆ ಬರೆದದ್ದು

ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿಗೆ ಸ್ವಂತದ್ದೆನ್ನುವ ಮೈದಾನ ಎಂದೂ ಇರಲಿಲ್ಲ. ಶೀಳನೆರೆ ಹೋಬಳಿಯ ಅಂಚಿನಲ್ಲಿರುವ ನಮ್ಮ ಕೆರೆ, ಸಂಕ್ರಾಂತಿ ಕಳೆದು ನೀರು ಹಿಂದೆ ಸರಿದಾಗ ಬಿಟ್ಟುಕೊಡುತ್ತಿದ್ದ ಅಂಗಳವೇ ಅವರ ಮೈದಾನ. ಮಣ್ಣು ಬಿರುಕು ಬಿಡುವಷ್ಟು ಒಣಗಿದ ಮೇಲೆ ಗೋಲಿನ ಕಂಬ ನೆಡುವುದು, ಮುಂಗಾರು ಹಿಡಿದ ಕೂಡಲೇ ಕಿತ್ತು ಯಾರದಾದರೂ ಅಟ್ಟದ ಮೇಲೆ ಹಾಕುವುದು ವಾಡಿಕೆ. ಹಾಗಾಗಿ ಕ್ಲಬ್ಬಿನ ಏಳುಬೀಳು ಊರಿನ ಏಳುಬೀಳಿಗೆ ತಿರುಗುಮುರುಗಾಗಿತ್ತು. ಕೆರೆ ಕೋಡಿ ಬಿದ್ದ ವರ್ಷ ಊರೆಲ್ಲ ನಗುತ್ತಿತ್ತು, ಕ್ಲಬ್ಬು ಒಂದು ಪಂದ್ಯವನ್ನೂ ಆಡುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮವರು ಪಾಂಡವಪುರದವರನ್ನೂ ಶ್ರೀರಂಗಪಟ್ಟಣದವರನ್ನೂ ಸೋಲಿಸಿದ್ದುಂಟು.

ಆ ಕ್ಲಬ್ಬಿನ ಚರಿತ್ರೆಯನ್ನು ಬರೆದುಕೊಡಬೇಕೆಂದು ಹೋದ ವರ್ಷ ಹಳೆಯ ಆಟಗಾರರು ನನ್ನನ್ನು ಕೇಳಿದರು. ಅವರೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರುವವರಿದ್ದರು. ಕ್ಲಬ್ಬಿನ ಮೊದಲ ಕಾರ್ಯದರ್ಶಿಯ ಮಗಳು ಎಂಬ ಕಾರಣಕ್ಕೆ ಅವರು ನನ್ನನ್ನು ಕೇಳಿದ್ದು. ನಾನು ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. ಶ್ರೀರಂಗಪಟ್ಟಣದ ಕಡೆ, ಹೊಳೆಯ ಪಕ್ಕದಲ್ಲಿ, ಬೆತ್ತವೂ ರ‍್ಯಾಂಕೂ ಇಲ್ಲದ ಒಂದು ವಸತಿ ಶಾಲೆಯಲ್ಲಿ ನಾನು ಓದಿದವಳು. ಅಲ್ಲಿ ಕಲಿಸುವವರನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದೆವು. ಸಂಜೆ ಬೇವಿನ ಮರದ ಕೆಳಗೆ ದುಂಡಗೆ ಕುಳಿತು, ಆ ದಿನ ಕಣ್ಣಿಗೆ ಬಿದ್ದ ಅನ್ಯಾಯವನ್ನು ಒಬ್ಬೊಬ್ಬರೂ ಹೇಳಬೇಕಾಗಿತ್ತು. ತಪ್ಪು ಯಾರದಾದರೂ ತಪ್ಪೇ, ಅದನ್ನು ಬಾಯಿಬಿಟ್ಟು ಹೇಳದ ಹೊರತು ಅದು ತೊಲಗದು ಎಂಬುದು ನನ್ನ ರಕ್ತಕ್ಕೆ ಇಳಿದದ್ದು ಅಲ್ಲಿ. ಮುಂದೆ ಅದೇ ನನ್ನ ಕೆಲಸವಾಯಿತು. ಹೊಳೆಯ ಮರಳು, ಕೆರೆಯ ಒತ್ತುವರಿ, ಹೋಟೆಲಿನ ಮೂಲೆಯಲ್ಲಿಟ್ಟ ಬೇರೆ ಲೋಟ, ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ನಾನು ಎದ್ದು ನಿಂತು ಹೇಳದ ಅನ್ಯಾಯ ಉಳಿದಿಲ್ಲ. ನನ್ನ ಮನೆಯದು ಮಾತ್ರ ಬಾಕಿ ಇತ್ತು. ಕ್ಲಬ್ಬಿನ ಚರಿತ್ರೆ ಅದಕ್ಕೆ ಒದಗಿ ಬಂದ ಅವಕಾಶ ಎಂದು ಭಾವಿಸಿದೆ.

ಫುಟ್‌ಬಾಲು ನಮ್ಮ ಸೀಮೆಯ ಆಟವಲ್ಲ. ಕಬಡ್ಡಿ, ವಾಲಿಬಾಲು ಬಿಟ್ಟರೆ ಬೇರೆ ಗೊತ್ತಿರದ ಊರಿಗೆ ಅದನ್ನು ತಂದವರು ಕೆ.ಆರ್.ಎಸ್. ಕಾಲೊನಿಯಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಬಂದ ನಮ್ಮೂರಿನವರೊಬ್ಬರು. ಕಬಡ್ಡಿಯಲ್ಲಿ ಒಬ್ಬರ ತೊಡೆ, ಸೊಂಟಗಳನ್ನು ಇನ್ನೊಬ್ಬರು ಹಿಡಿಯಬೇಕು. ಆದ್ದರಿಂದ ಮೇಲ್ಕೇರಿಯ ಹುಡುಗರು ಕೆಳಗೇರಿಯವರೊಂದಿಗೆ ಕಬಡ್ಡಿ ಆಡುತ್ತಿರಲಿಲ್ಲ. ಹೊಸ ಆಟ ಬಂದಾಗ ಊರಿನ ಹಿರಿಯರು, ಕಾಲಲ್ಲಿ ಒದೆಯೋದು ತಾನೆ, ಆಡಿಕೊಳ್ಳಲಿ ಎಂದರಂತೆ. ನಾಲ್ಕು ತಾಲ್ಲೂಕಿಗೆ ಹೆಸರಾದ ನಮ್ಮ ತಂಡ ಒಂದಾದದ್ದು ಆ ಹೇಸಿಗೆಯ ರಿಯಾಯಿತಿಯಿಂದ. ಇದನ್ನು ಬರೆದೆ. ಪಂದ್ಯ ಗೆದ್ದ ದಿನ ನಮ್ಮ ಮನೆಯಲ್ಲಿ ಊಟವಾಗುತ್ತಿತ್ತು. ಹತ್ತು ಮಂದಿ ಪಡಸಾಲೆಯಲ್ಲಿ, ಒಬ್ಬರು ಕೊಟ್ಟಿಗೆಯ ಜಗಲಿಯಲ್ಲಿ. ಇದನ್ನೂ ಬರೆದೆ.

ಕೊಟ್ಟಿಗೆಯ ಜಗಲಿಯಲ್ಲಿ ಉಂಡವರು ನಮ್ಮೂರ ನೀರುಗಂಟಿ. ಕೆರೆಯ ತೂಬನ್ನು ಎತ್ತಿ ಇಳಿಸಿ, ಗದ್ದೆಗದ್ದೆಗೆ ನೀರು ಹಂಚುವುದು ಅವರ ಮನೆತನದ ಕೆಲಸ. ತೂಬಿನ ಬಾಗಿಲನ್ನು ಎತ್ತುವ ಕಬ್ಬಿಣದ ಹಿಡಿ ಅವರ ಮನೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಸುಗ್ಗಿಯಲ್ಲಿ ಪ್ರತಿ ಒಕ್ಕಲೂ ಅವರಿಗೆ ಧಾನ್ಯ ಅಳೆಯಬೇಕು. ಅದಕ್ಕೆ ಆಯ ಎನ್ನುತ್ತಾರೆ. ತಂಡದ ಎಡಬದಿಯಲ್ಲಿ ಓಡುತ್ತಿದ್ದವರೂ ಅವರೇ, ಬರಿಗಾಲಲ್ಲಿ. ಮಗುವಾಗಿದ್ದಾಗ ನಾನು ಅವರನ್ನು ನೀರುಗಂಟಿ ಎಂದೇ ಕರೆಯುತ್ತಿದ್ದೆ. ಶಾಲೆಯಿಂದ ಮೊದಲ ರಜೆಗೆ ಬಂದವಳು ದೊಡ್ಡಪ್ಪ ಎಂದಾಗ ಅವರು ಬಿದ್ದು ಬಿದ್ದು ನಕ್ಕು, ನಿಮ್ಮಪ್ಪನಿಗೆ ಇಷ್ಟು ಕರಿಯ ಅಣ್ಣ ಯಾವಾಗ ಹುಟ್ಟಿದ ಎಂದು ಕೇಳಿದ್ದರು. ನಾನು ಬಿಡಲಿಲ್ಲ, ಅವರಿಗೂ ಅಭ್ಯಾಸವಾಯಿತು.

ಚರಿತ್ರೆಗಾಗಿ ಮಾತಾಡಿಸಲು ಹೋದಾಗ ಅವರು ತೂಬಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಕ್ಲಬ್ಬು ಗೆದ್ದ ಒಂದೇ ಒಂದು ಕಪ್ಪಿನ ಕತೆ ಹೇಳಿದರು. ಊರಿನಲ್ಲಿ ಆ ಗೋಲಿನ ಕತೆ ಕೇಳದವರಿಲ್ಲ. ಆದರೆ ಅವರ ಬಾಯಿಂದ, ತೂಬಿನ ಸಂಗತಿಯೂ ಸೇರಿ, ಕೇಳಿದ್ದು ನನಗೆ ಅದೇ ಮೊದಲು.

ಆ ವರ್ಷ ಹಿಂಗಾರು ತಡವಾಗಿ ಸುರಿದು, ಕೊನೆಯ ಪಂದ್ಯದ ಹೊತ್ತಿಗೂ ಅಂಗಳದ ಎಡಮೂಲೆಯಲ್ಲಿ ನೀರು ನಿಂತಿತ್ತು. ಒಣಗಿದ ಮೈದಾನ ತೋರಿಸದ ತಂಡ ಎದುರಾಳಿಯ ಊರಿಗೇ ಹೋಗಿ ಆಡಬೇಕು ಎಂಬುದು ತಾಲ್ಲೂಕು ತಾಲ್ಲೂಕುಗಳ ನಡುವಿನ ಕಟ್ಟುಪಾಡು. ಎದುರಾಳಿ ನಾಗಮಂಗಲದವರು; ಅವರ ನೆಲದಲ್ಲಿ ನಮ್ಮವರು ಎಂದೂ ಗೆದ್ದಿರಲಿಲ್ಲ. ಕಾರ್ಯದರ್ಶಿಯಾಗಿದ್ದ ನನ್ನ ತಂದೆ ನೀರುಗಂಟಿಯನ್ನು ಕರೆಸಿ ತೂಬು ಎತ್ತಲು ಹೇಳಿದರು. ಅವರು ಎತ್ತಿದರು. ನೀರು ಯಾರ ಗದ್ದೆಗೂ ಹಾಯದೆ ಹಳ್ಳ ಸೇರಿತು. ಅಂಗಳ ಒಣಗಿತು, ಪಂದ್ಯ ನಮ್ಮೂರಲ್ಲೇ ನಡೆಯಿತು. ಇನ್ನೂ ಹಸಿ ಆರದ ಆ ಎಡಮೂಲೆಯಲ್ಲಿ ನಾಗಮಂಗಲದವರು ಕಾಲೂರಲಾಗದೆ ಜಾರುತ್ತಿದ್ದಾಗ ನೀರುಗಂಟಿ ಚೆಂಡನ್ನು ತೆಗೆದುಕೊಂಡು ಹೋಗಿ ಗೋಲು ಹೊಡೆದರು.

"ನೀರ್ನೇ ಓಡುಸ್ದೋನು ಕಣವ್ವ, ನಾಗಮಂಗಲದೋರ್ನ ಓಡುಸಕ್ಕಾಗಾಕಿಲ್ವಾ?" ಎಂದು ಅವರು ಮೀಸೆ ಒರೆಸಿಕೊಂಡರು. "ಇದ್ನ ಚೆಂದಾಗಿ ಬರಿ. ಗ್ರೌಂಡ್ ಕೊಟ್ಟೋನೂ ನಾನೇ, ಗೋಲ್ ಒಡ್ದೋನೂ ನಾನೇ ಅಂತ ಬರಿ."

ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಬರೆಯುವಾಗ ನನ್ನ ಗಮನ ಹೋದದ್ದು ಹಳ್ಳ ಸೇರಿದ ನೀರಿನ ಕಡೆಗೆ. ಬೇಸಿಗೆ ಬೆಳೆಗೆಂದು ಉಳಿಸಿದ್ದ ಆ ನೀರು ಕೆರೆಯ ಕಟ್ಟಕಡೆಯ ಗದ್ದೆಗಳದು. ಆ ಗದ್ದೆಗಳು ಕೆಳಗೇರಿಯವರವು. ನೀರುಗಂಟಿಯ ಸ್ವಂತ ತುಂಡು ಗದ್ದೆಯೂ ಅಲ್ಲೇ ಇತ್ತು. ಆ ಬೇಸಿಗೆ ಅಲ್ಲಿ ನಾಟಿಯಾಗಲಿಲ್ಲ. ಮೇಲ್ಕೇರಿಯವರ ಒಂದು ಕಪ್ಪಿಗಾಗಿ ಕೆಳಗೇರಿಯವರ ನೀರನ್ನು ಆ ಕೇರಿಯ ನೀರುಗಂಟಿಯ ಕೈಯಿಂದಲೇ ಹೊರಗೆ ಬಿಡಿಸಲಾಯಿತು, ಇದು ನನ್ನ ತಂದೆ ಮಾಡಿಸಿದ ಅನ್ಯಾಯ, ಎಂದು ಬರೆದೆ. ಹಾಗೆ ಬರೆದದ್ದನ್ನು ನಾನು ಧೈರ್ಯ ಎಂದುಕೊಂಡೆ. ಗೋಲಿಗೆ ಅರ್ಧ ಸಾಲು ಸಿಕ್ಕಿತು. ಅಚ್ಚಿಗೆ ಕೊಡುವ ಮುನ್ನ ಅವರಿಗೆ ಓದಿ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಅವರ ಪರವಾಗಿ ಬರೆಯುತ್ತಿದ್ದೇನೆಂಬುದು ನನಗೆ ಅಷ್ಟು ಖಚಿತವಾಗಿತ್ತು.

ಬಿಡುಗಡೆಯ ದಿನ ಕೆ.ಆರ್. ಪೇಟೆಯಿಂದ ಬಂದಿದ್ದ ಅತಿಥಿಗಳು ಆ ಪುಟವನ್ನು ಗಟ್ಟಿಯಾಗಿ ಓದಿ, ಸ್ವಂತ ಮನೆಯನ್ನೂ ಬಿಡದ ಲೇಖಕಿ ಎಂದು ನನ್ನನ್ನು ಕೊಂಡಾಡಿದರು. ನನ್ನ ತಂದೆ ಅದೇ ವೇದಿಕೆಯ ಮೇಲಿದ್ದರು. ಓದು ಮುಗಿದ ಮೇಲೆ ಅವರಿಗೆ ಸಂಸ್ಥಾಪಕರೆಂದು ಮೈಸೂರು ಪೇಟ ತೊಡಿಸಿದರು, ಅವರು ತೊಡಿಸಿಕೊಂಡರು. ನೀರುಗಂಟಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರ ಕಡೆ ನೋಡಿ ಮುಗುಳ್ನಕ್ಕೆ. ಅವರು ತಲೆ ತಗ್ಗಿಸಿಕೊಂಡರು. ಸಂಕೋಚವಿರಬೇಕು ಎಂದುಕೊಂಡೆ.

ಈಗ ಊರಿನ ನೀರಿನ ಉಸ್ತುವಾರಿ ಹೊತ್ತ ಕೆರೆ ಸಂಘದ ಅಧ್ಯಕ್ಷರಿಗೆ ತೂಬಿನ ಕೆಲಸವನ್ನು ತಮ್ಮ ಭಾವಮೈದುನನಿಗೆ ಕೊಡಿಸುವ ಮನಸ್ಸು ಬಹಳ ದಿನದಿಂದ ಇತ್ತು. ಕಾರಣ ಸಿಕ್ಕಿರಲಿಲ್ಲ. ಸಂಚಿಕೆ ಹೊರಬಂದ ಮೇಲೆ ನಡೆದ ಮೊದಲ ಸಭೆಯಲ್ಲೇ ಅವರು ಅದನ್ನು ಮೇಜಿನ ಮೇಲಿಟ್ಟು, ಊರಿನ ನೀರನ್ನು ಆಟಕ್ಕಾಗಿ ಚೆಲ್ಲಿದ ಕೈಗೆ ಇನ್ನೂ ತೂಬು ಕೊಟ್ಟಿರುವುದು ಸರಿಯೇ ಎಂದು ಕೇಳಿದರಂತೆ. ನಾವು ಹೇಳುತ್ತಿರುವುದಲ್ಲ, ಕಾರ್ಯದರ್ಶಿಗಳ ಮಗಳೇ ಬರೆದಿದ್ದಾರೆ ಎಂದೂ ಸೇರಿಸಿದರಂತೆ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ಕೆಳಗೇರಿಯ ಹಿರಿಯರಿಗೆ ಆ ಹಳೆಯ ಸಂಗತಿ ತಿಳಿದಿತ್ತು. ಅವರು ಆ ಕಾಲಕ್ಕೇ ನೀರುಗಂಟಿಯನ್ನು ಬೈದು, ಕಪ್ಪು ನೋಡಿ ನಕ್ಕು, ಮುಗಿಸಿದ್ದರು. ಕಿರಿಯರಿಗೆ ಅದು ಗೊತ್ತಾದದ್ದು ನನ್ನ ಬರಹದಿಂದ. ತಮ್ಮ ಗದ್ದೆ ಬೀಳು ಬಿದ್ದದ್ದು ತಮ್ಮವರ ಕೈಯಿಂದಲೇ ಎಂದು ತಿಳಿದ ಆ ಯುವಕರು, ಬೇರೆ ಸಮಯದಲ್ಲಿ ನನ್ನೊಂದಿಗೆ ಧರಣಿ ಕೂರುವವರು, ನೀರುಗಂಟಿಯ ಪರ ಒಂದು ಮಾತನ್ನೂ ಆಡಲಿಲ್ಲ.

ನೀರುಗಂಟಿಯ ಕೈಯಿಂದ ತೂಬಿನ ಕೆಲಸ ತೆಗೆಯುವರೆಂಬ ಸುದ್ದಿ ತಿಳಿದ ಬೆಳಿಗ್ಗೆ ನಾನು ತಂದೆಯ ಮೇಲೆ ಹರಿಹಾಯ್ದೆ. ತಪ್ಪು ನಿಮ್ಮದು, ಶಿಕ್ಷೆ ಅವರಿಗೆ ಎಂದೆ. ಅವರು ರಾಗಿರೊಟ್ಟಿ ಮುರಿಯುತ್ತ, ನನ್ನ ಬಗ್ಗೆ ನೀನು ಬರೆದದ್ದೆಲ್ಲ ನಿಜ, ನನಗೇನೂ ಆಗುವುದಿಲ್ಲವೆಂದು ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ಕೇಳಿದ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕು ತಾಲ್ಲೂಕಿನ ವೇದಿಕೆಗಳಲ್ಲಿ ನಾನು ಹೇಳುತ್ತ ಬಂದಿದ್ದೇ ಅದು: ಈ ವ್ಯವಸ್ಥೆಯಲ್ಲಿ ಆಜ್ಞೆ ಕೊಟ್ಟವನಿಗೆ ಏನೂ ಆಗದು, ಕೈ ಆಡಿಸಿದವನು ಸಿಕ್ಕಿಬೀಳುತ್ತಾನೆ. ಬರೆಯಲು ಕುಳಿತಾಗ ಮಾತ್ರ ಅದನ್ನು ಮರೆತೆ.

ಮುಂದಿನ ಸಭೆಗೆ ತಂದೆಯೂ ನಾನೂ ಹೋದೆವು. ಪಂಚಾಯಿತಿಯ ಹಳೆಯ ಕೊಠಡಿಯಲ್ಲಿ ನೀರುಗಂಟಿ ಬಾಗಿಲ ಬಳಿ ನಿಂತಿದ್ದರು. ಕಬ್ಬಿಣದ ಹಿಡಿಯನ್ನು ತರಲು ಅವರಿಗೆ ಮೊದಲೇ ಹೇಳಿ ಕಳುಹಿಸಿದ್ದರು. ನಾನು ಎದ್ದು, ತೂಬು ಎತ್ತಿಸಿದವರು ನಮ್ಮ ಮನೆಯವರು, ಬೇಡ ಎನ್ನುವ ಸ್ಥಿತಿಯಲ್ಲಿ ನೀರುಗಂಟಿ ಇರಲಿಲ್ಲ, ದಂಡ ಹಾಕುವುದಾದರೆ ನಮಗೆ ಹಾಕಿ ಎಂದು ವಿವರವಾಗಿ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಅಧ್ಯಕ್ಷರು, "ಅವ್ವಾರು ಯೇಳೋದು ಸರಿಯಾಗೇ ಅದೆ. ಆದ್ರೆ ತಪ್ಪು ಯಾರ್ದಾದ್ರೂ ತಪ್ಪೇ ಅಲ್ವಾ?" ಎಂದರು.

ನನ್ನ ಶಾಲೆಯ ಮಾತನ್ನು ಅವರ ಬಾಯಲ್ಲಿ ಕೇಳಿ ನಾನು ಕುಳಿತುಕೊಂಡೆ. ತಂದೆ ಕೋಲೂರಿ ಎದ್ದು, ಎತ್ತಿಸಿದ್ದು ನಾನು ಎಂದರು. ಯಾರೋ ನಯವಾಗಿ ನಕ್ಕರು.

"ನೀವು ಎತ್ಸುದ್ರಿ ಯಜಮಾನ್ರೇ. ಎತ್ತಿದ್ದು ಅವ್ನು," ಎಂದರು ಅಧ್ಯಕ್ಷರು.

ನೀರುಗಂಟಿ ಮುಂದೆ ಬಂದು ಹಿಡಿಯನ್ನು ಮೇಜಿನ ಮೇಲಿಟ್ಟರು. ತೂಬಿನ ಎಡಗಡೆ ಕಲ್ಲು ಸಡಿಲವಾಗಿದೆ, ಹೊಸಬನಿಗೆ ನೋಡಿಕೊಂಡು ಇಳಿಯಲು ಹೇಳಿ ಎಂದಷ್ಟೇ ಹೇಳಿ ಹೊರಟರು. ತಮ್ಮ ಕೇರಿಯ ಹುಡುಗರ ಮುಂದೆ ಹಾಯುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ನಾನು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದ್ದೇನೆ. ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿದೆ. ಅರ್ಜಿಯ ಜೊತೆಗೆ ಆ ಸಂಚಿಕೆಯ ಪ್ರತಿಯನ್ನೂ ಲಗತ್ತಿಸಿ ಎಂದು ಅಲ್ಲಿನ ಗುಮಾಸ್ತರು ಹೇಳಿದರು, ನಾನು ಲಗತ್ತಿಸಲಿಲ್ಲ.

ಈ ಸುಗ್ಗಿಯಲ್ಲಿ ರಾಗಿ ಒಕ್ಕಣೆಯಾದ ಮೇಲೆ ಎಲ್ಲರ ಮನೆಯ ಹಾಗೆ ನಮ್ಮ ಮನೆಯಿಂದಲೂ ಹೊಸ ನೀರುಗಂಟಿಗೆ ಆಯ ಹೋಯಿತು. ಮಾರನೆಯ ಬೆಳಿಗ್ಗೆ ನಾನು ಅಷ್ಟೇ ರಾಗಿಯನ್ನು ಒಂದು ಚೀಲಕ್ಕೆ ತುಂಬಿಸಿ, ನಮ್ಮ ಆಳಿನಿಂದ ಸ್ಕೂಟರಿನ ಮುಂದೆ ಇಡಿಸಿಕೊಂಡು ಕೆಳಗೇರಿಗೆ ಹೋದೆ. ಅವರು ಬಾಗಿಲಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಹಿಡಿಯನ್ನು ಸಿಕ್ಕಿಸುತ್ತಿದ್ದ ಸೂರಿನಲ್ಲಿ ಈಗ ಒಂದು ಕೊಡೆ ಇತ್ತು. ಚೀಲವನ್ನು ಹೇಗೋ ಎಳೆದು ಜಗಲಿಯ ಬಳಿಗೆ ತಂದು, ನಮ್ಮ ಮನೆಯ ಆಯ ದೊಡ್ಡಪ್ಪ ಎಂದೆ.

ಅವರು ಚೀಲವನ್ನು ನೋಡಿದರು.

"ನೀರ್ ಬುಡ್ದೆ ಈಸ್ಕಂಡ್ರೆ ಅದು ಆಯ ಅಲ್ಲ ಕಣವ್ವ, ತಿರುಪೆ. ತಗಂಡೋಗು."

ಆಗ ನಾನು, ಅಲ್ಲಿಯವರೆಗೆ ಯಾರ ಮುಂದೆಯೂ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದೆ. ನಿಮ್ಮನ್ನು ಕೇಳದೆ ಬರೆದದ್ದು ನನ್ನ ತಪ್ಪು, ಕ್ಷಮಿಸಬೇಕು ಎಂದೆ. ಹೇಳುವಾಗಲೇ ವಾಕ್ಯ ಬಹಳ ಚೆನ್ನಾಗಿ ಕಟ್ಟಿಕೊಂಡಿದೆ ಎನ್ನಿಸಿ ನಾಚಿಕೆಯಾಯಿತು.

"ಕ್ಷಮ್ಸುದ್ರೆ ಅದ್ನೂ ಬರ್ಕತೀಯ," ಎಂದರು. ಹಗ್ಗದ ಎಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಇನ್ನೊಂದು ಸುತ್ತು ಹೊಸೆದು, "ಅಲ್ಲ ಕಣವ್ವ, ನಾನೇನ್ ಕೇಳಿದ್ದೆ? ಗೋಲ್ ಬರಿ ಅಂದಿದ್ದೆ. ಅಷ್ಟ್ ಜನ ಕೂಗ್ತಿದ್ರು. ನಿಮ್ಮಪ್ಪಾವ್ರು ಏರಿ ಮ್ಯಾಲಿಂದ ಓಡ್ಬಂದು ನನ್ನ ಎತ್ಕಂಬುಟ್ಟಿದ್ರು, ಮೈಯೆಲ್ಲಾ ಕೆಸ್ರು. ನೀನು ಕೊಟ್ಟಿಗೆ ಬರ್ದೆ," ಎಂದರು.

ಅದನ್ನು ನನಗೆ ಯಾರೂ ಹೇಳಿರಲಿಲ್ಲ. ತೂಬಿನ ಮೆಟ್ಟಿಲ ಮೇಲೆ ಕೂತು ಕೇಳಿದ ದಿನ, ನೀರು ಯಾರ ಗದ್ದೆಯದು ಎಂದು ಕೇಳಿದ್ದೆನೇ ಹೊರತು ಗೋಲಾದ ಮೇಲೆ ಏನಾಯಿತೆಂದು ನಾನೂ ಕೇಳಿರಲಿಲ್ಲ. ಕೊಟ್ಟಿಗೆಯ ಜಗಲಿ ನಿಜ. ಎತ್ತಿಕೊಂಡದ್ದೂ ನಿಜವಿರಬೇಕು. ಅದೇ ಸಂಜೆ ಅದೇ ತಂದೆ ಎರಡನ್ನೂ ಮಾಡಿದ್ದರು. ನಾನು ಒಂದನ್ನು ಮಾತ್ರ ಊರಿಗೆ ಹೇಳಿದೆ.

ಚೀಲವನ್ನು ತಿರುಗಿ ಸ್ಕೂಟರಿನವರೆಗೆ ಎಳೆದುಕೊಂಡು ಹೋದೆ. ಮೇಲೆತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಬೀದಿಯ ಹುಡುಗರು ಅರಳಿಕಟ್ಟೆಯಿಂದ ನೋಡುತ್ತಿದ್ದರು, ಯಾರೂ ಏಳಲಿಲ್ಲ. ನೀರುಗಂಟಿ ಹಗ್ಗವನ್ನು ಪಕ್ಕಕ್ಕಿಟ್ಟು ಎದ್ದು ಬಂದರು. ಚೀಲದ ಎರಡು ಕಿವಿ ಹಿಡಿದು, ಮಂಡಿ ಕೊಟ್ಟು ಎತ್ತಿ, ಸ್ಕೂಟರಿನ ಮುಂದೆ ನನ್ನ ಕಾಲಿಡುವ ಜಾಗದಲ್ಲಿ ಇಟ್ಟು, ಅಲುಗಾಡದಂತೆ ಒಮ್ಮೆ ಅದುಮಿ ನೋಡಿದರು. ನಾನು ಹೊರಡುವವರೆಗೂ ಹ್ಯಾಂಡಲನ್ನು ಹಿಡಿದುಕೊಂಡಿದ್ದರು.