ಮಾಸ್ತರು ಒತ್ತದ ಬಟನ್

ಕಳೆದ ವಾರ ಬಸವನ ಬಾಗೇವಾಡಿಯ ಅಂಚೆ ಕಚೇರಿಯಲ್ಲಿ ಯಾವುದೋ ಪಾರ್ಸೆಲ್ಲಿಗೆ ಅರಗಿನ ಮುದ್ರೆ ಹಾಕುತ್ತಿದ್ದರು. ಸುಟ್ಟ ಅರಗಿನ ಘಾಟು ಮೂಗಿಗೆ ಬಡಿದದ್ದೇ ತಡ, ದೇವಣಗಾಂವದ ಮತಗಟ್ಟೆ ನೆನಪಾಯಿತು. ಅಲ್ಲೂ ಬೆಳಿಗ್ಗೆ ಮತಯಂತ್ರಕ್ಕೆ ಅರಗು ಕರಗಿಸಿ ಮುದ್ರೆ ಒತ್ತಿದ್ದೆವು. ಆಮೇಲೆ ಬಂದವರು ನಮ್ಮ ಮಾಸ್ತರು...

ಇಂಡಿ ಊರಿನ ಹೈಸ್ಕೂಲಿನಲ್ಲಿ ನನಗೆ ಪೌರನೀತಿ ಕಲಿಸಿದವರು ಅವರು. ತರಗತಿಯ ಮುಖಂಡರನ್ನು ಚೀಟಿ ಬರೆಸಿಯೇ ಆರಿಸುತ್ತಿದ್ದರು. ಖಾಲಿ ಚೀಟಿ ಹಾಕಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದು ಯಾರದೆಂದು ಹೇಗೆ ಗೊತ್ತಾಗುತ್ತಿತ್ತೋ ಏನೋ, ನಾನೂ ಒಮ್ಮೆ ನಿಂತಿದ್ದೇನೆ.

ನಿವೃತ್ತರಾಗಿ ಅವರು ಹುಟ್ಟೂರು ದೇವಣಗಾಂವಕ್ಕೆ ಮರಳಿದ್ದು ನನಗೆ ತಿಳಿದಿರಲಿಲ್ಲ. ಎರಡು ವರ್ಷದ ಹಿಂದಿನ ವಿಧಾನಸಭಾ ಚುನಾವಣೆಯಲ್ಲಿ ನನ್ನ ಡ್ಯೂಟಿ ಅಲ್ಲಿಗೆ ಬಿದ್ದಿತ್ತು. ಶಾಯಿ ಹಚ್ಚಲು ಬೆರಳು ಹಿಡಿದು ತಲೆಯೆತ್ತಿದರೆ ಮಾಸ್ತರು! ಅವರೂ ಗುರುತು ಹಿಡಿದು ನಕ್ಕು, ರಟ್ಟಿನ ಮರೆಗೆ ಹೋದರು.

ಬೀಪ್ ಸದ್ದು ಬರಲಿಲ್ಲ. ಒಂದು ನಿಮಿಷ, ಎರಡು... ಎರಡೂ ಪಕ್ಷದ ಏಜೆಂಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಮಾಸ್ತರು ಹೊರಬಂದು ನನ್ನ ಮೇಜಿನ ಮುಂದೆ ನಿಂತರು.

"ತಂಗಿ, ನಾ ಒತ್ತಲಿಲ್ಲ."

"ಯಾಕ್ರಿ ಸರ್?"

"ಹ್ವಾದ ಸಲ ಪಕ್ಷ ನೋಡಲಿಲ್ಲ, ಮನಷ್ಯಾನ್ನ ನೋಡಿ ಹಾಕಿದೆ. ಅಂವ ಗೆದ್ದು, ನಾ ಒಲ್ಲದ ಪಕ್ಷಕ್ಕ ಹಾರಿದ. ಈ ಸಲ ಪಕ್ಷ ನೋಡಿ ಹಾಕೂಣಂದ್ರ, ನಾ ಒಲ್ಲದಂವ ನಾ ಮೆಚ್ಚಿದ ಪಕ್ಷಕ್ಕ ಬಂದು ನಿಂತಾನ. ಯಾವದು ಒತ್ತಿದ್ರೂ ನಾ ಬ್ಯಾಡಂದದ್ದೇ ಬರತೈತಿ."

"ಕಡೀಕ ನೋಟಾ ಐತ್ರಿ."

"ಅದನ್ನ ಒತ್ತಿದ್ರ ಯಾರರ ಸೋಲತಾರೇನು? ನೀನ ಹೇಳು, ಏನ್ ಮಾಡ್ಲಿ?"

ಡ್ಯೂಟಿಯ ಮೇಲಿದ್ದವಳು ಹೇಳುವಂತಿರಲಿಲ್ಲ. ಶಿಷ್ಯೆಯಾಗಿ ಹೇಳೋಣವೆಂದರೆ ನನಗೇ ಗೊತ್ತಿರಲಿಲ್ಲ. ನನ್ನ ಅಂಚೆ ಮತವನ್ನು ನಾನು ಮನೆಯವರು ಹೇಳಿದವರಿಗೆ, ಹೆಸರನ್ನೂ ಸರಿಯಾಗಿ ಓದದೆ ಹಾಕಿ ಬಂದಿದ್ದೆ.

ಮತಗಟ್ಟೆ ಅಧಿಕಾರಿ ರಜಿಸ್ಟರಿನಲ್ಲಿ 'ಮತ ಹಾಕಲು ನಿರಾಕರಿಸಿದರು' ಎಂದು ಬರೆದು ಮುಂದಿಟ್ಟರು. ಮಾಸ್ತರು ಸಹಿ ಮಾಡಿದರು. ನನ್ನ ಅಂಕಪಟ್ಟಿಗಳ ಮೇಲಿದ್ದ ಅದೇ ದುಂಡನೆಯ ಸಹಿ. ಅವರು ಹೋದ ಮೇಲೆ ಒಬ್ಬ ಏಜೆಂಟ, "ಅವರು ನಮ್ಮವರಲ್ಲ ಬಿಡ್ರಿ" ಅಂದ. ಇನ್ನೊಬ್ಬ, "ನಮ್ಮವರೂ ಅಲ್ಲ" ಅಂದ. ನನಗೆ ನಗು ಬರಲಿಲ್ಲ. ತಪ್ಪು ಮಾಡಿದರೆಂದೂ ಅನಿಸಲಿಲ್ಲ, ಸರಿ ಮಾಡಿದರೆಂದೂ ಅನಿಸಲಿಲ್ಲ.

ಅಂಚೆ ಕಚೇರಿಯಿಂದ ಬಂದವಳು ಈ ರವಿವಾರ ಅವರನ್ನು ಕಾಣಲು ದೇವಣಗಾಂವಕ್ಕೆ ಹೋದೆ. ಬಾಗಿಲು ತೆರೆದ ಅವರ ಹೆಂಡತಿಯ ಬರಿಯ ಹಣೆ ನೋಡಿಯೇ ತಿಳಿಯಿತು. ಮಾಸ್ತರು ತೀರಿ ಆರು ತಿಂಗಳಾಗಿತ್ತು. ಕುಳಿತ ಮೇಲೆ ಆ ದಿನದ ಮಾತು ತೆಗೆದೆ.

"ಮುಂದ ಲೋಕಸಭಾ ಓಟಿಗೂ ಹೋಗಿದ್ರವಾ," ಅಂದರು ಅವರು. "ದವಾಖಾನಿಯಿಂದ ಬಂದು ಎರಡು ದಿನ ಆಗಿತ್ತು. ಬ್ಯಾಡಂದ್ರೂ ಕೇಳಲಿಲ್ಲ. ಆಟೋದಾಗ ಕುಂತು ಕನ್ನಡ ಸಾಲಿಗೆ ಹೋದ್ರು, ಉಸಿರು ಬಿಡಕೋತ ಪಾಳಿ ಹಚ್ಚಿ ನಿಂತ್ರು."

"ಒತ್ತಿದ್ರೇನ್ರಿ ಅವ್ವಾರ?"

"ಯಾರಿಗ್ಗೊತ್ತು. ಬಂದು ಚಾ ಕುಡದು ಮಲಗಿದ್ರು. ನಾ ಕೇಳಲಿಲ್ಲ."

ಲೋಕಸಭೆಯ ಮತದಾನದ ದಿನ ನಾನು ಮುದ್ದೇಬಿಹಾಳದ ಕಡೆ ಡ್ಯೂಟಿಯಲ್ಲಿದ್ದೆ. ಒತ್ತಿದ್ದರೆ ಯಾರಿಗೆ ಒತ್ತಿದರೋ, ಒತ್ತದಿದ್ದರೆ ಆ ಉಸಿರಿನಲ್ಲಿ ಅಷ್ಟು ದೂರ ಯಾಕೆ ಹೋದರೋ... ಎರಡು ವರ್ಷದಲ್ಲಿ ಒಮ್ಮೆಯಾದರೂ ಹೋಗಿ ಕೇಳಬಹುದಿತ್ತು. ಕೇಳಲು ಹೋದಾಗ ಮಾಸ್ತರಿಲ್ಲ.