ಹೊತ್ತು ಮುಳುಗಿದ ಮೇಲೆ ತಲುಪಿದ ಬುತ್ತಿ

ಕೊಲ್ಹಾಪುರದ ಸ್ಟೇಶನ್ನಿನಲ್ಲಿ ನಾನು ಇಳಿದಾಗ ಬೌದ್ಧ ಭಿಕ್ಷುಗಳು ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಲಡಾಖಿನವರು, ಮುರುಕು ಹಿಂದಿ ಬಿಟ್ಟರೆ ಈ ಕಡೆಯ ಮಾತು ಬರದು. ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಮಂದಿಗೆ ಅವರ ಭಾಷಣವನ್ನು ಕನ್ನಡದಲ್ಲಿ ಹೇಳಲು ಧಾರವಾಡದ ಹಿಂದಿ ಮಾಸ್ತರನಾದ ನನ್ನನ್ನು ಕರೆಸಿದ್ದರು. ಅವರು ಮಧ್ಯಾಹ್ನದ ಮೇಲೆ ಉಣ್ಣುವವರಲ್ಲ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಫಳಾರ ಕಟ್ಟಿಕೊಂಡು ಬರುತ್ತಿದ್ದೆ.

ಎರಡನೇ ಮಹಾಯುದ್ಧದ ದಿನಗಳು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತು. ಎಂಟಾಣೆ ಕೊಟ್ಟು ಹತ್ತಿದ ನಾವು ಇಚಲಕರಂಜಿ ಮುಟ್ಟಿದಾಗ ಮನೆಮನೆಯಲ್ಲಿ ದೀಪ ಹಚ್ಚಿದ್ದರು. ನಮ್ಮನ್ನು ಇಳಿಸಿಕೊಂಡವನು ಮಗ್ಗಗಳ ಮಾಲಕ ಭೂಪಾಲಪ್ಪ, ಜೈನ. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಬಾಯಿಗೆ ಅಗುಳು ಹಾಕುವುದಿಲ್ಲ. ಒಲೆ ಆರಿ ಹೋಗಿತ್ತು. ಭಿಕ್ಷುಗಳೂ ಭೂಪಾಲಪ್ಪನೂ ಸಮಾಧಾನದಿಂದ ಎದುರುಬದುರು ಕೂತರು. ನನ್ನ ಹೊಟ್ಟೆಯ ಗತಿ ಕೇಳುವವರಿರಲಿಲ್ಲ.

ಆ ರಾತ್ರಿ ಮಗ್ಗಗಳನ್ನು ನಿಲ್ಲಿಸಿ ನೇಕಾರರೆಲ್ಲ ಅಲ್ಲೇ ಕೂತರು. ಭಿಕ್ಷುಗಳು ಹೇಳಿದ್ದು ಇಷ್ಟು: ಬುದ್ಧನಾಗುವ ಬೀಜ ಪ್ರತಿಯೊಬ್ಬರೊಳಗೂ ಹುಟ್ಟಿನಿಂದಲೇ ಇದೆ, ಮೇಲೆ ಎಷ್ಟು ಕಸ ಬಿದ್ದರೂ ಅದು ಕೊಳೆಯುವುದಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ನಂಬಿ ಹೇಳಿದೆನೆಂದರೆ ಸುಳ್ಳಾದೀತು. ನನ್ನ ಧ್ಯಾನವೆಲ್ಲ ರೊಟ್ಟಿಯ ಮೇಲಿತ್ತು.

ಮಾತು ಮುಗಿದ ಮೇಲೆ ಬಾಗಿಲ ಮರೆಯಲ್ಲಿ ನಿಂತಿದ್ದ ಭೂಪಾಲಪ್ಪನ ಹೆಂಡತಿ ಪದ್ಮಕ್ಕ ಕೇಳಿದರು: "ಎಲ್ಲಾರೊಳಗೂ ಅಂದ್ರ, ನಮ್ಮ ಜಿನ್ನಪ್ಪನೊಳಗೂ ಐತೇನ್ರಿ ಅದು?"

ಜಿನ್ನಪ್ಪ ಒಬ್ಬನೇ ಮಗ. ಕುಡಿತ, ಇಸ್ಪೀಟಿಗೆ ಬಿದ್ದವನನ್ನು ತಂದೆಯೇ ಮನೆ ಬಿಡಿಸಿದ್ದ. ಈಗ ಗಡಹಿಂಗ್ಲಜದ ಬೆಲ್ಲದ ಪೇಟೆಯಲ್ಲಿ ಹಮಾಲಿ ಮಾಡಿಕೊಂಡಿದ್ದನಂತೆ. ಭಿಕ್ಷುಗಳು ಇದೆ ಎಂದರು.

"ಅವನೊಳಗ ಏನೂ ಉಳದಿಲ್ರಿ. ಉಳದಿದ್ರ ನನಗ ಕಾಣತಿತ್ತು. ಕಂಡ ದಿನಾ ಮನಿಗೆ ಕರೀತೇನಿ," ಎಂದು ಭೂಪಾಲಪ್ಪ ಎದ್ದು ಹೋದ.

ಮರುದಿನ ನಾವು ಹೊರಡುವಾಗ ಪದ್ಮಕ್ಕ ಒಂದು ಬುತ್ತಿ ತಂದು ಕೊಟ್ಟರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಹೋಳಿಗೆ. ಮಗನಿಗೆ ಮುಟ್ಟಿಸಿ, ಹೇಗಿದ್ದಾನೆ ನೋಡಿ ಬಂದು ಹೇಳಬೇಕೆಂದರು. ನನಗೆ ಪಾಪ ಅನಿಸಿತು.

ನಿಪ್ಪಾಣಿ ದಾಟಿ ತವಂದಿ ಘಾಟಿನಲ್ಲಿ ಬಸ್ಸು ನಿಂತೇಬಿಟ್ಟಿತು. ಡ್ರೈವರ್ ಇದ್ದಿಲು ಕೆದರಿದ. ನಾವು ಇಳಿದು ನೂಕಿದೆವು, ಭಿಕ್ಷುಗಳೂ ನೂಕಿದರು. ಗಡಹಿಂಗ್ಲಜ ಸೇರಿದಾಗ ಕತ್ತಲಾಗಿತ್ತು. ಪೇಟೆಯಲ್ಲಿ ಬೆಲ್ಲದ ಪೆಂಟೆಗಳ ಪಕ್ಕದಲ್ಲಿ ಜಿನ್ನಪ್ಪ ಸಿಕ್ಕ. ಕೆದರಿದ ತಲೆ, ಬಾಯಲ್ಲಿ ಸಾರಾಯಿ ವಾಸನೆ. ಮುಂಜಾನೆಯಿಂದ ಚಹಾದ ಮೇಲೇ ಇದ್ದೇನೆ ಎಂದ. ಬುತ್ತಿ ಕೈಗಿಟ್ಟೆ. ಮೂಸಿ ನೋಡಿದ, ಕಣ್ಣು ತುಂಬಿಕೊಂಡ, ಗಂಟು ಬಿಚ್ಚದೆ ಗೋಡೆಯ ಗೂಟಕ್ಕೆ ತೂಗುಹಾಕಿದ.

"ಹೊತ್ತು ಮುಳಗೇತ್ರಿ. ಮುಂಜಾನೆ ಉಣ್ತೇನಿ."

ನನಗೆ ಸಿಟ್ಟು ಬಂತು. ಸಾರಾಯಿ ಇಳಿಯುವ ಗಂಟಲಲ್ಲಿ ತಾಯಿಯ ರೊಟ್ಟಿ ಇಳಿಯುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವನು ತಲೆ ತಗ್ಗಿಸಿದ.

"ಅದನ್ನ ಬಿಡಾಕ ಆಗವಲ್ದು. ಈ ನೇಮಾನೂ ಬಿಡಾಕ ಆಗವಲ್ದ್ರಿ."

ಆ ಮಾತನ್ನು ನಾನು ಹಿಂದಿಯಲ್ಲಿ ಹೇಳಿದೆ. ಭಿಕ್ಷುಗಳು ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮರುದಿನ ಹೊತ್ತು ಮೂಡಿದ ಮೇಲೆ ಅವನು ಗಂಟು ಬಿಚ್ಚಿ, ನನಗೊಂದು ಹೋಳಿಗೆ ಕೊಟ್ಟು, ಉಳಿದದ್ದನ್ನು ತುಣುಕು ಬಿಡದೆ ಉಂಡ. ಅವತ್ತಿನ ಭಾಷಣದಲ್ಲಿ ಬೀಜದ ಮಾತು ಬಂದಾಗ ನನ್ನ ದನಿ ತಾನಾಗಿಯೇ ಏರಿತು.

ಹಿಂದಿರುಗುವಾಗ ಇಚಲಕರಂಜಿಯಲ್ಲಿ ಇಳಿದೆವು. ಪದ್ಮಕ್ಕನಿಗೆ ಏನನ್ನೂ ಮುಚ್ಚಿಡದೆ ಹೇಳಿದೆ. ಭೂಪಾಲಪ್ಪ ಮಗ್ಗದ ಮುಂದೆ ಬೆನ್ನು ಮಾಡಿ ನಿಂತು ಕೇಳುತ್ತಿದ್ದ.

"ಕುಡದಿದ್ನೇನ್ರಿ?" ಎಂದು ಅವನು ಕೇಳಿದ.

ಹೌದೆಂದೆ.

"ಹಸದಿದ್ನೇನ್ರಿ?"

ಮುಂಜಾನೆಯಿಂದ ಉಂಡಿರಲಿಲ್ಲವೆಂದೆ.

ಅವನು ಮಗ್ಗದ ಹರಿದ ಎಳೆಗೆ ಗಂಟು ಹಾಕತೊಡಗಿದ. ನಮ್ಮ ಬಸ್ಸು ಹೊರಡುವ ಹೊತ್ತಿಗೆ ಸ್ಟ್ಯಾಂಡಿಗೇ ಓಡಿಬಂದ. ಗಡಹಿಂಗ್ಲಜಕ್ಕೆ ಹೋಗುವ ಡ್ರೈವರನನ್ನು ಹಿಡಿದು ನಿಲ್ಲಿಸಿ ಹೇಳುತ್ತಿದ್ದದ್ದು ನನಗೆ ಕಿಟಕಿಯಿಂದ ಕೇಳಿಸಿತು.

"ಬೆಲ್ಲದ ಪೇಟ್ಯಾಗ ನಮ್ಮ ಜಿನ್ನಪ್ಪ ಅದಾನ. ಮನಿಗೆ ಬಾ ಅನ್ರಿ. ಹೊತ್ತು ಮುಳಗೂದ್ರಾಗ ಬಾ ಅನ್ರಿ, ಅವರವ್ವ ಉಣ್ಣಾಕ ಕಾಯ್ತಾಳ."